ಕುರ್ವೆಯ ಮೇಲೆ ನಿಂತು ಕೇಳಿದ ಪ್ರಶ್ನೆ

ಒಣಮೀನಿನ ಪೊಟ್ಟಣವನ್ನು ಯಾರ ಕಣ್ಣಿಗೂ ಬೀಳದಂತೆ ಸಾಗಹಾಕುವುದರಲ್ಲಿ ನನ್ನನ್ನು ಮೀರಿಸುವವರು ಕಾರವಾರದಲ್ಲಿ ಇರಲಿಲ್ಲ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ನಾಲ್ಕು ದಿನ ಇರುವಾಗ, ಅಂಕೋಲೆಯಿಂದ ಬರುವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಅದು ಬರುತ್ತಿತ್ತು. ಹಳೆಯ ಪೇಪರಿನಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಚೀಲ ಹಾಕಿ, ಬಲೆಯ ದಾರದಿಂದ ಬಿಗಿದ ಪೊಟ್ಟಣ. ಒಳಗೆ ಒಣ ಶೆಟ್ಲಿ (ಸಿಗಡಿಗೆ ನಮ್ಮ ಕಡೆ ಹೇಳುವ ಹೆಸರು), ಆರೇಳು ಬಂಗಡೆ, ಪುಣ್ಯವಿದ್ದ ವರ್ಷ ನೊಗ್ಲಿ ಎಂಬ ಕಾಣೆ ಮೀನು. ಕಳಿಸುವವಳು ನನ್ನ ಚಿಕ್ಕಿ, ಎಂದರೆ ತಾಯಿಯ ತಂಗಿ. ಬಸ್ ನಿಲ್ದಾಣದಲ್ಲಿ ಅದನ್ನು ಇಸಿದುಕೊಂಡು, ಕಚೇರಿಯ ಹಿಂಬಾಗಿಲಿನಿಂದ ಒಳಗೆ ಹೋಗಿ, ಜವಾನನ ಕೈಗೆ ದಾಟಿಸಿ, ಎರಡು ಸಲ ಸಾಬೂನು ಹಾಕಿ ಕೈ ತೊಳೆದು ಕುರ್ಚಿಗೆ ಬಂದು ಕೂರುವುದಕ್ಕೆ ನನಗೆ ಹತ್ತು ನಿಮಿಷವೂ ಬೇಕಾಗುತ್ತಿರಲಿಲ್ಲ. ಜವಾನ ಆ ವಾರವೆಲ್ಲ ನನಗೆ ಚಹಾ ಸ್ವಲ್ಪ ಬಿಸಿಯಾಗಿಯೇ ತಂದುಕೊಡುತ್ತಿದ್ದ.

ನನ್ನ ಹೆಂಡತಿಗೆ ಒಣಮೀನೆಂದರೆ ಪ್ರಾಣ. ಈ ಪೊಟ್ಟಣದ ವಿಷಯ ಅವಳಿಗೆ ಇಂದಿಗೂ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ, ಆಗಲಿ. ಕೋಡಿಬಾಗದಲ್ಲಿ ನಾವಿದ್ದ ಬಾಡಿಗೆ ಮನೆಯ ಮಾಲೀಕರು ಮೀನು ತಿನ್ನದವರು, ಅವರಿಗೆ ವಾಸನೆ ಆಗುವುದಿಲ್ಲ ಎಂಬುದು ನಾನು ನನಗೇ ಹೇಳಿಕೊಳ್ಳುತ್ತಿದ್ದ ಕಾರಣ. ನಿಜವಾದ ಕಾರಣ ಬೇರೆ. ನೌಕರಿಗೆ ಸೇರಿದ ಮೊದಲ ವಾರ, ನಾನು ಪಕ್ಕದಲ್ಲಿ ಹಾದುಹೋದಾಗ ಹಿರಿಯ ಗುಮಾಸ್ತರೊಬ್ಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡು, ‘ಬಂದರು ಇಲ್ಲಿಗೇ ಬಂತಲ್ರೋ’ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಅದೇ ನನ್ನ ಮೊದಲ ಹೇಡಿತನ. ಆಮೇಲೆ ಊರು ಯಾವುದು ಎಂದು ಯಾರು ಕೇಳಿದರೂ ‘ಅಂಕೋಲೆ ಪೇಟೆ’ ಎನ್ನತೊಡಗಿದೆ. ನಮ್ಮದು ಪೇಟೆಯಲ್ಲ. ಬೊಬ್ರುವಾಡವನ್ನೂ ದಾಟಿ, ಕಡಲಿಗೆ ಅಂಟಿಕೊಂಡಂತೆ ಇರುವ ಮೀನುಗಾರರ ಕೇರಿ.

ಕೆಲಸದಲ್ಲಿ ನಾನು ಮೋಜಣಿದಾರ, ಜನ ಸರ್ವೆಯರ್ ಎನ್ನುತ್ತಾರೆ. ಸೇರಿದಾಗ ಕಬ್ಬಿಣದ ಸರಪಳಿ ಎಳೆದು ಅಳೆಯುತ್ತಿದ್ದೆವು. ನಿವೃತ್ತಿಯ ಹೊತ್ತಿಗೆ ಮೇಲೆ ಡ್ರೋನ್ ಹಾರಿಸಿ ಕೆಳಗೆ ಕತ್ತೆತ್ತಿ ನಿಲ್ಲುವುದೇ ಕೆಲಸವಾಗಿತ್ತು. ಅಣ್ಣತಮ್ಮಂದಿರ ನಡುವಿನ ಒಂದು ಮೊಳ ಜಾಗಕ್ಕಾಗಿ ಎರಡೂ ಕಡೆಯವರಿಂದ ಬೈಸಿಕೊಂಡಿದ್ದೇನೆ. ಕೈಗಾ ರಸ್ತೆಯ ಕಾಡಿನಲ್ಲಿ ಉಂಬಳ ಕಚ್ಚಿಸಿಕೊಂಡು ಗಡಿಕಲ್ಲು ಹುಡುಕಿದ್ದೇನೆ. ನನ್ನ ಅಳತೆಯನ್ನು ಮರು ಅಳತೆ ಮಾಡಿಸಿದವರು ಪ್ರತಿ ಸಲವೂ ಸುಮ್ಮನಾಗಿ ಹೋಗಿದ್ದಾರೆ. ಈ ಹೆಮ್ಮೆಯ ಮಾತನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ, ಮುಂದೆ ಇಂಥದ್ದು ಹೇಳುವುದಕ್ಕೆ ಜಾಗ ಸಿಗುವುದಿಲ್ಲ.

ನಮ್ಮ ಕೇರಿಯ ದಂಡೆಯಲ್ಲಿ ನಿಂತರೆ, ಹೊಳೆ ಕಡಲಿಗೆ ಸೇರುವ ಅಳಿವೆಯ ಹೊರಗೆ ಒಂದು ಪುಟ್ಟ ನಡುಗಡ್ಡೆ ಕಾಣುತ್ತದೆ. ನಕ್ಷೆಯಲ್ಲಿ ಅದಕ್ಕೊಂದು ನಂಬರು. ಕೇರಿಯವರಿಗೆ ಅದು ಬರೀ ಕುರ್ವೆ. ಅಲ್ಲಿ ಮನೆಯಿಲ್ಲ, ಗುಡಿಯಿಲ್ಲ, ಒಂದು ತೆಂಗಿನ ಮರವೂ ಇಲ್ಲ. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಉದ್ದಕ್ಕೆ ಮರಳು. ದೀಪಾವಳಿ ಕಳೆದು ಕಡಲು ತಣಿದ ಮೇಲೆ ಹೆಂಗಸರು ಬೆಳಿಗ್ಗೆ ಪಾತಿ ದೋಣಿಯಲ್ಲಿ ಅಲ್ಲಿಗೆ ಹೋಗುತ್ತಾರೆ, ಮೀನು ಒಣಗಿಸುತ್ತಾರೆ, ಸಂಜೆ ತಿರುಗಿ ಬರುತ್ತಾರೆ. ದಂಡೆಯಲ್ಲಿ ನಾಯಿ, ಕಾಗೆ, ಲಾರಿಯ ಧೂಳು, ಹೋಮ್‌ಸ್ಟೇಯವರ ತಕರಾರು. ಕುರ್ವೆಯಲ್ಲಿ ಎರಡೂ ಕಡೆಯಿಂದ ಗಾಳಿ. ಅಲ್ಲಿ ಒಣಗಿದ ಶೆಟ್ಲಿಯಲ್ಲಿ ಹರಳು ಸಿಕ್ಕಿತು ಎಂದು ಯಾರೂ ದೂರಿದ್ದಿಲ್ಲ. ಕೇರಿಯ ಹೆಂಗಸರ ಕೈಯಲ್ಲಿ ತಮ್ಮದೆಂದು ನಾಲ್ಕು ಕಾಸು ಇದ್ದರೆ ಅದು ಆ ಮರಳಿನಿಂದ ಬಂದದ್ದು.

ಅಲ್ಲಿಗೆ ಎರಡು ಕಟ್ಟಳೆಗಳಿವೆ. ಮಿರ್ಗದ (ಮೃಗಶಿರದ) ಮಳೆ ಹಿಡಿಯುವ ಮೊದಲು, ಕೊನೆಯ ದಿನ, ಎಲ್ಲವನ್ನೂ ಕಿತ್ತು ತರಬೇಕು. ಗೂಟ, ಚಾಪೆ, ನೆರಳಿಗೆ ಕಟ್ಟಿದ ಮಡಲು, ಒಲೆಯ ಮೂರು ಕಲ್ಲನ್ನೂ ಕಡಲಿಗೆ ಹಾಕಿ ಬರಬೇಕು. ಎಲ್ಲ ಮುಗಿದ ಮೇಲೆ ಹಿಡಿಸೂಡಿ ಹಿಡಿದು ಮೇಲಿನಿಂದ ನೀರಿನ ತನಕ ಹಿಂದೆ ಹಿಂದೆ ನಡೆಯುತ್ತ ಮರಳು ಗುಡಿಸಿ, ತಮ್ಮ ಹೆಜ್ಜೆಯನ್ನೂ ಅಳಿಸಿ ದೋಣಿ ಹತ್ತಬೇಕು. ಇದು ಒಂದು. ಇನ್ನೊಂದು, ಕುರ್ವೆಯ ಮೇಲೆ ನಿಂತು ಯಾವುದನ್ನೂ ‘ನಮ್ಮದು’ ಎನ್ನುವಂತಿಲ್ಲ. ಪ್ರತಿ ಮನೆಗೂ ಒಂದೊಂದು ಸಾಲು ಇರುತ್ತದೆ, ಯಾರದ್ದು ಎಲ್ಲಿಂದ ಎಲ್ಲಿಗೆ ಎಂದು ಎಲ್ಲರಿಗೂ ಗೊತ್ತು, ಆದರೆ ಬಾಯಿಬಿಟ್ಟು ಹೇಳುವುದಿಲ್ಲ. ‘ಆ ಕಲ್ಲಿಂದ ಈ ಕಲ್ಲಿಗೆ’ ಎಂದಷ್ಟೇ ಹೇಳುತ್ತಾರೆ. ಐದಾರು ವರ್ಷದವನಿದ್ದಾಗ ನಾನು ಪಕ್ಕದ ಮನೆಯ ಹುಡುಗಿಗೆ ‘ಇದು ನಮ್ಮ ಸಾಲು, ದಾಟ್ಬೇಡ’ ಎಂದಿದ್ದೆ. ಆಯಿ, ಎಂದರೆ ನನ್ನ ತಾಯಿ, ಮೀನು ಮಗುಚುತ್ತಿದ್ದ ಕೈಯಲ್ಲೇ ನನ್ನ ಬಾಯಿಗೆ ಒಂದು ಕೊಟ್ಟಳು. ‘ಇಲ್ಲಿ ನಿಂತ್ಕಂಡ್ ನಮ್ದು ಅನ್ನೂಕಾಗ. ಕೇಳಿ ತಕಂಡ ಜಾಗ ಇದು. ಕಡಲು ಕೇಳಿಸ್ಕಳ್ತದೆ’ ಎಂದಳು. ತುಟಿಯ ಮೇಲೆ ಉಪ್ಪು ಉಳಿದಿತ್ತು. ಆ ಪೆಟ್ಟು ತಿಂದವನು ಆ ಕಟ್ಟಳೆಯನ್ನು ಮರೆಯಲು ಸಾಧ್ಯವೇ ಇಲ್ಲ, ಇದನ್ನು ಓದುವವರು ಗಮನದಲ್ಲಿಟ್ಟುಕೊಳ್ಳಬೇಕು. ಆಯಿ ತೀರಿಕೊಂಡ ಮೇಲೆ ನಾನು ಕುರ್ವೆಗೆ ಹೋಗಲಿಲ್ಲ. ಅವಳ ಸಾಲು ಏನಾಯಿತು ಎಂದು ವಿಚಾರಿಸಲೂ ಇಲ್ಲ.

ನಿವೃತ್ತಿಗೆ ಕೆಲವೇ ವರ್ಷ ಉಳಿದಿದ್ದಾಗ ಕಚೇರಿಗೆ ಒಂದು ಕಾಗದ ಬಂತು. ಕರಾವಳಿಯ ಖಾಲಿ ಸರಕಾರಿ ಜಮೀನು, ನಡುಗಡ್ಡೆಗಳನ್ನು ಅಳೆದು ವರದಿ ಕೊಡಬೇಕು, ಆಮೇಲೆ ಹರಾಜು. ಪಟ್ಟಿಯಲ್ಲಿ ನಮ್ಮ ಕುರ್ವೆಯ ನಂಬರೂ ಇತ್ತು. ಆಗ ನಮ್ಮ ಮೇಲಿದ್ದ ಸಾಹೇಬರು ಬಯಲುಸೀಮೆಯವರು. ಕೆಟ್ಟ ಮನುಷ್ಯರಲ್ಲ, ತಲೆನೋವು ಬೇಡದ ಮನುಷ್ಯರು. ನನ್ನನ್ನು ಕರೆದು, ‘ನೀವು ಅಂಕೋಲೆ ಕಡೆಯವರಲ್ವಾ? ಅಲ್ಲಿ ಮೀನುಗಾರರ ಕಿರಿಕಿರಿ ಏನಾದ್ರೂ ಇದೆಯಾ?’ ಎಂದು ಕೇಳಿದರು.

‘ನಾನು ಪೇಟೆಯವನು ಸಾರ್. ಆ ಕಡೆಯದ್ದು ಅಷ್ಟು ಗೊತ್ತಿಲ್ಲ’ ಎಂದೆ.

ಇಷ್ಟು ವರ್ಷ ಹೇಳಿಕೊಂಡು ಬಂದ ಸುಳ್ಳು ಎಷ್ಟು ಸಲೀಸಾಗಿ ನಾಲಿಗೆಗೆ ಬಂತೆಂದರೆ, ಅದು ಸುಳ್ಳೆಂದು ನನಗೇ ಆ ಕ್ಷಣ ಹೊಳೆಯಲಿಲ್ಲ. ಬೇರೆಯವರನ್ನು ಕಳಿಸಿ ಎಂದು ಕೇಳಬಹುದಿತ್ತು. ಆದರೆ ಕೇಳಿದರೆ ಏಕೆ ಎಂಬುದನ್ನೂ ಹೇಳಬೇಕಾಗುತ್ತಿತ್ತು.

ಅಳತೆಯ ದಿನ ಗೊತ್ತಾದದ್ದು ಮಿರ್ಗಕ್ಕೆ ಮೊದಲಿನ ವಾರ. ಮಳೆ ಹಿಡಿದರೆ ದೋಣಿ ಹೋಗುವುದಿಲ್ಲವಲ್ಲ, ಅದಕ್ಕೆ ಅವಸರ. ಕೇರಿಯವರು ಅದರ ಹಿಂದಿನ ದಿನವಷ್ಟೇ ಕುರ್ವೆ ಗುಡಿಸಿ ಬಂದಿದ್ದರು. ಬೆಳಿಗ್ಗೆ ನಾವು ಜೀಪಿನಲ್ಲಿ ದಂಡೆಗೆ ಹೋದಾಗ ಸಾಹೇಬರು, ಡ್ರೋನಿನವನು, ನಾನು ಸೇರಿ ಮೂವರಿದ್ದೆವು. ಪಂಚನಾಮೆಗೆ ಊರಿನ ಇಬ್ಬರ ಸಹಿ ಬೇಕಾಗಿತ್ತು. ಗಂಡಸರು ಬೋಟಿನ ಮೇಲೆ ಹೋಗಿದ್ದರು. ದೋಣಿಯ ಹತ್ತಿರ ಇಬ್ಬರು ಹೆಂಗಸರು ಕಾದಿದ್ದರು, ಒಬ್ಬರು ಪಕ್ಕದ ಮನೆಯ ಮುದುಕಿ, ಇನ್ನೊಬ್ಬಳು ನನ್ನ ಚಿಕ್ಕಿ. ಅಳೆಯುವುದಕ್ಕೆ ಬರುವವನು ಅಕ್ಕನ ಮಗನೇ ಎಂದು ಅವಳಿಗೆ ಹೇಗೋ ಸುದ್ದಿ ಸಿಕ್ಕಿತ್ತು. ಒಳ್ಳೆಯ ಸೀರೆ ಉಟ್ಟು ಹೂ ಮುಡಿದು ಬಂದಿದ್ದಳು.

‘ಬಂದ್ಯಾ ತಮಾ?’ ಎಂದಳು, ಮುಖ ತುಂಬ ನಗುತ್ತ.

ಸಾಹೇಬರು ನನ್ನ ಕಡೆ ತಿರುಗಿದರು. ‘ಗೊತ್ತಾ ನಿಮಗೆ ಇವರು?’

‘ಇಲ್ಲ ಸಾರ್. ಈ ಕಡೆ ಎಲ್ಲರನ್ನೂ ತಮಾ ಅಂತಲೇ ಕರೀತಾರೆ.’

ಅದು ನಿಜವೇ. ನಮ್ಮ ಕಡೆ ವಯಸ್ಸಿನಲ್ಲಿ ಸಣ್ಣವರನ್ನು ತಮಾ ಎನ್ನುತ್ತಾರೆ, ಬಸ್ಸಿನ ಕಂಡಕ್ಟರನ್ನೂ ಎನ್ನುತ್ತಾರೆ. ನಿಜವನ್ನೇ ಹೇಳಿ ಸುಳ್ಳಾಡುವ ವಿದ್ಯೆ ಸರಕಾರಿ ನೌಕರಿಯಲ್ಲಿ ತಾನಾಗಿ ಬರುತ್ತದೆ. ಮುಂದೆ ಹೋಗಿ ನಾನೇ, ‘ನೀವು ಯಾವ ಕೇರಿಯವರಮ್ಮಾ? ಸಹಿ ಮಾಡೋಕೆ ಬರ್ತದಾ?’ ಎಂದು ಕೇಳಿದೆ.

ಚಿಕ್ಕಿ ನನ್ನ ಮುಖ ನೋಡಿದಳು. ಸಾಹೇಬರ ಬೂಟು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಬೇರೆಯವರ ಹತ್ತಿರ ಮಾತಾಡುವ ದನಿಯಲ್ಲಿ, ‘ಇದೇ ಕೇರಿ ಸಾಹೇಬ್ರೆ. ಸಹಿ ಬರ್ತದೆ, ಒಬ್ಬ ಕಲಿಸಿಕೊಟ್ಟಿದ್ದ’ ಎಂದಳು.

ಕಲಿಸಿದವನು ನಾನೇ. ಒಂಬತ್ತನೇ ಇಯತ್ತೆಯಲ್ಲಿದ್ದಾಗ, ಸೊಸೈಟಿಗೆ ಹೋದರೆ ಹೆಬ್ಬೆಟ್ಟು ಒತ್ತಿಸುತ್ತಾರೆ, ನಾಚಿಕೆಯಾಗುತ್ತದೆ ಎಂದು ಅವಳು ಹೇಳಿದ್ದಕ್ಕೆ, ಒಂದು ರಜೆಯಿಡೀ ಪಾಟಿಯ ಮೇಲೆ ಅವಳ ಹೆಸರಿನ ನಾಲ್ಕು ಅಕ್ಷರ ತಿದ್ದಿಸಿದ್ದೆ. ಮೂರನೆಯ ಅಕ್ಷರದ ಕೊಂಬು ಅವಳಿಗೆ ಯಾವಾಗಲೂ ಮೇಲಕ್ಕೆ ಹಾರುತ್ತಿತ್ತು.

ಕುರ್ವೆಯಲ್ಲಿ ದೋಣಿಯಿಂದ ಇಳಿದ ಸಾಹೇಬರು ಸುತ್ತ ನೋಡಿ, ‘ಆಹಾ, ಎಷ್ಟು ಕ್ಲೀನಾಗಿದೆ ರೀ! ಒಬ್ಬ ಮನುಷ್ಯ ಕಾಲಿಟ್ಟ ಗುರುತಿಲ್ಲ’ ಎಂದರು. ನನಗೆ ಗುರುತು ಕಾಣುತ್ತಿತ್ತು. ಮರಳಿನ ಮೇಲೆ, ಉಬ್ಬರದ ನೀರು ತಲುಪದ ಎತ್ತರದಲ್ಲಿ, ಹಿಡಿಸೂಡಿಯ ಕಡ್ಡಿಗಳು ಎಳೆದ ಅರ್ಧಚಂದ್ರದ ಗೆರೆಗಳು ಒಂದರ ಮೇಲೊಂದು ಹಾಗೇ ಇದ್ದವು. ನಿನ್ನೆಯವು. ಚಿಕ್ಕಿಯೇ ಗುಡಿಸಿದ್ದಿರಬೇಕು. ಸಾಹೇಬರು ಅವುಗಳ ಮೇಲೆ ನಡೆದುಹೋದರು. ಗಾಳಿ ಎಳೆದ ಗೆರೆ ಎಂದುಕೊಂಡರೋ ಏನೋ. ನಾನೂ ಅವುಗಳ ಮೇಲೆಯೇ ಅವರ ಹಿಂದೆ ನಡೆದೆ. ನನ್ನ ಕೇರಿಯ ಹೆಂಗಸರು ಅಷ್ಟು ಶ್ರದ್ಧೆಯಿಂದ ತಮ್ಮ ಗುರುತು ಅಳಿಸಿ ಹೋದದ್ದು ನನ್ನ ವರದಿಗೆ ಎಷ್ಟು ಅನುಕೂಲವಾಯಿತು ಎಂದು ನೆನೆದರೆ ಈಗಲೂ ಮೈ ಕಾಯುತ್ತದೆ.

ಅಳತೆ ಮುಗಿಯಿತು. ಸೆಂಟಿಮೀಟರಿನಷ್ಟೂ ತಪ್ಪಿಲ್ಲದ ಅಳತೆ. ಒಂದು ಬಂಡೆಯ ಮೇಲೆ ಕೂತು ನಮೂನೆ ತುಂಬಿದೆ. ವಿಸ್ತೀರ್ಣ, ಚಕ್ಕುಬಂದಿ, ಮರಗಿಡ, ಕಟ್ಟಡ. ಕೊನೆಗೆ ಎರಡು ಕಲಮುಗಳು ಉಳಿದವು, ಜಮೀನಿನ ಈಗಿನ ಉಪಯೋಗ ಮತ್ತು ಸ್ಥಳೀಯರ ವಿಚಾರಣೆ. ಪೆನ್ನು ನಿಂತಿತು. ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ‘ಸಾರ್, ಈ ವಿಚಾರಣೆ ದಂಡೆಗೆ ಹೋಗಿ ಮಾಡೋಣ.’ ಅಷ್ಟೇ. ಚಿಕ್ಕಿಯ ಮನೆಯ ಜಗಲಿಯಲ್ಲಿ ಕೂತು ಕೇಳಿದ್ದರೆ ಅವಳು ಯಾವ ಸಾಲು ಯಾರದ್ದು, ಎಷ್ಟು ತಲೆಮಾರಿನಿಂದ ಎಂದು ನನ್ನ ಪೆನ್ನಿನ ಶಾಯಿ ಮುಗಿಯುವ ತನಕ ಹೇಳುತ್ತಿದ್ದಳು. ಅದು ನನಗೆ ಗೊತ್ತಿತ್ತು. ಇಲ್ಲಿ ಕೇಳಿದರೆ ಏನು ಹೇಳುತ್ತಾಳೆ ಎಂಬುದೂ ಗೊತ್ತಿತ್ತು.

ಸಾಹೇಬರು ಗಡಿಯಾರ ನೋಡಿಕೊಂಡರು. ಗೊತ್ತಿದ್ದೂ ನಾನು ಕೇಳಿದೆ. ಕುರ್ವೆಯ ಮೇಲೆ ನಿಂತು, ನೀರು ಎರಡು ಮಾರು ದೂರದಲ್ಲಿರುವಾಗ, ಗಟ್ಟಿಯಾಗಿ ಕೇಳಿದೆ. ‘ಇಲ್ಲಿ ನಿಮ್ಮದು ಅಂತ ಏನಾದ್ರೂ ಇದೆಯಾ ಅಮ್ಮಾ?’

ಮುದುಕಿ ಹೌಹಾರಿ ಚಿಕ್ಕಿಯ ಕೈ ಹಿಡಿದುಕೊಂಡಳು. ಚಿಕ್ಕಿ ಕಡಲಿನ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ, ‘ಇಲ್ಲಿ ನಮ್ದು ಎಂತದೂ ಇಲ್ಲ ಸಾಹೇಬ್ರೆ’ ಎಂದಳು.

ಬರೆದೆ. ‘ಸ್ಥಳೀಯರನ್ನು ವಿಚಾರಿಸಲಾಗಿ ಸದರಿ ಜಾಗದಲ್ಲಿ ತಮ್ಮದೇನೂ ಇರುವುದಿಲ್ಲವೆಂದು ತಿಳಿಸಿರುತ್ತಾರೆ. ಸ್ಥಳವು ಖಾಲಿ ಇದ್ದು ಯಾವುದೇ ಉಪಯೋಗದಲ್ಲಿರುವುದಿಲ್ಲ.’ ಕಂಡದ್ದು ಬರೆದೆ, ಕೇಳಿದ್ದು ಬರೆದೆ. ಇಡೀ ಪಂಚನಾಮೆಯಲ್ಲಿ ಒಂದಕ್ಷರ ಸುಳ್ಳಿಲ್ಲ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಹೀಗೆಯೇ, ಶಬ್ದವಾಗುವುದಿಲ್ಲ. ಚಿಕ್ಕಿಗೆ ಓದಿ ಹೇಳಿದೆ, ಅದೂ ನಿಯಮದಲ್ಲಿದೆ. ಕಚೇರಿಯ ಕನ್ನಡ ಅವಳಿಗೆ ಎಷ್ಟು ತಿಳಿಯಿತೋ. ನಾನು ಬರೆದದ್ದು ಎಂಬ ಧೈರ್ಯದಲ್ಲಿ ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡು ನಾಲ್ಕು ಅಕ್ಷರ ಬರೆದಳು. ಮೂರನೆಯದರ ಕೊಂಬು ಮೇಲಕ್ಕೆ ಹಾರಿತು.

ದಂಡೆಯಲ್ಲಿ ದೋಣಿ ಇಳಿದವನು ಹಿಂದೆ ನೋಡದೆ ಬಿರಬಿರನೆ ನಡೆದು ಜೀಪು ಹತ್ತಿದೆ. ಹಿಂದೆ ಮರಳಿನಲ್ಲಿ ಯಾರೋ ನಡೆದು ಬರುವ ಸದ್ದು ಕೇಳಿಸುತ್ತಿತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆಯನ್ನು ಅಂಬಿಗರ ಹೊಟ್ಟೆಯಲ್ಲಿ ಹುಟ್ಟಿದವನೇ ನಿಜ ಮಾಡಿದ. ಕಾರವಾರ ತಲುಪಿ ಚೀಲ ತೆರೆದರೆ ಅಳತೆಯ ಪುಸ್ತಕದ ಕೆಳಗೆ ಬಲೆಯ ದಾರ ಬಿಗಿದ ಪೊಟ್ಟಣ ಇತ್ತು. ದೋಣಿಯಲ್ಲಿ ಯಾವಾಗ ಇಟ್ಟಳೋ ತಿಳಿಯದು. ಪುಸ್ತಕಕ್ಕೆಲ್ಲ ವಾಸನೆ ಹತ್ತಿತ್ತು. ಆ ವರ್ಷದ್ದನ್ನೂ ಜವಾನನಿಗೇ ಕೊಟ್ಟೆ.

ಮುಂದಿನದು ಬೇಗ ನಡೆಯಿತು. ಹರಾಜಿನ ನೋಟೀಸನ್ನು ಪಂಚಾಯತಿಯ ಹಲಗೆಗೆ ಅಂಟಿಸಿದರು. ಯಾರೋ ಓದಿ ಹೇಳಿದ ಮೇಲೆ ಕೇರಿಯಲ್ಲಿ ಕೋಲಾಹಲವಾಗಿ, ಆಕ್ಷೇಪಣೆಯ ಅರ್ಜಿ ಬಂತು. ವಿಚಾರಣೆಗೆಂದು ಹೆಂಗಸರು ಬಸ್ಸಿನಲ್ಲಿ ಕಾರವಾರಕ್ಕೆ ಬಂದರು. ಒಂಬತ್ತು ಜನ, ಒಂಬತ್ತು ಮನೆ. ನಮ್ಮ ಸಾಹೇಬರಿಗೆ ಅಷ್ಟರಲ್ಲಿ ವರ್ಗವಾಗಿತ್ತು. ಅಳೆದವನು ಎಂದು ನಾನು ಕಡತ ಹಿಡಿದು ವಿಚಾರಣೆಯ ಅಧಿಕಾರಿಯ ಪಕ್ಕದಲ್ಲಿ ನಿಲ್ಲಬೇಕಾಯಿತು.

ಅಧಿಕಾರಿ ಪಂಚನಾಮೆಯನ್ನು ತಿರುಗಿಸಿ ಚಿಕ್ಕಿಯ ಮುಂದೆ ಹಿಡಿದರು. ‘ಇದು ನಿಮ್ಮ ಸಹಿನಾ?’

‘ಹೌದು, ನಂದೇ.’

‘ನಿಮ್ಮದೇನೂ ಇಲ್ಲ ಅಂತ ಹೇಳಿದ್ದು ಹೌದಾ?’

‘ಹೌದು. ಅಲ್ಲಿ ನಿಂತ್ಕಂಡ್ರೆ ಹಂಗೇ ಹೇಳೂದು. ಬೇರೆ ಎಂತಾ ಹೇಳೂಕೂ ಆಗ.’

ಹಿಂದೆ ನಿಂತ ಹೆಂಗಸರೆಲ್ಲ ಹೌದೌದೆಂದು ತಲೆಯಾಡಿಸಿದರು. ಅದು ಅವರಿಗೆ ಅಷ್ಟು ಸ್ಪಷ್ಟವಾದ ಮಾತು. ಅಧಿಕಾರಿಗೆ ತಲೆಬುಡ ತಿಳಿಯಲಿಲ್ಲ. ಅವರು ನನ್ನ ಕಡೆ ತಿರುಗಿ, ‘ಏನ್ರೀ ಇವರು ಹೇಳ್ತಿರೋದು? ನೀವು ಈ ಕಡೆಯವರಲ್ವಾ?’ ಎಂದು ಕೇಳಿದರು.

ದೇವರು ಎರಡನೆಯ ಸಲ ಅವಕಾಶ ಕೊಡುವುದು ಅಪರೂಪ, ನನಗೆ ಕೊಟ್ಟ. ಎರಡು ವಾಕ್ಯ ಸಾಕಿತ್ತು. ಆದರೆ ಹೇಳಿದರೆ ಮೂರನೆಯ ಪ್ರಶ್ನೆ ಬರುತ್ತಿತ್ತು. ಗೊತ್ತಿದ್ದವನು ಅಲ್ಲೇ ನಿಂತು ಯಾಕೆ ಕೇಳಿದೆ? ಚಿಕ್ಕಿ ನನ್ನನ್ನು ನೋಡುತ್ತಿರಲಿಲ್ಲ. ಮೇಜಿನ ಮೇಲಿನ ಗಾಜಿನ ಗುಂಡನ್ನು ನೋಡುತ್ತ ನಿಂತಿದ್ದಳು. ಬೇಕಂತಲೇ ನೋಡಲಿಲ್ಲ ಎಂದು ಈಗ ಅನ್ನಿಸುತ್ತದೆ.

‘ಸ್ಪಷ್ಟವಾಗ್ತಾ ಇಲ್ಲ ಸಾರ್’ ಎಂದೆ.

ಆಕ್ಷೇಪಣೆ ವಜಾ ಆಯಿತು. ಮಳೆಗಾಲ ಕಳೆದ ಮೇಲೆ ಕುರ್ವೆಯ ಸುತ್ತ ತಂತಿ ಬಂತು, ಪ್ರವೇಶ ನಿಷೇಧದ ಹಲಗೆ ಬಂತು. ಮರದ ಕುಟೀರಗಳನ್ನು ಕಟ್ಟುತ್ತಾರಂತೆ ಎಂದು ಸುದ್ದಿಯಾಯಿತು. ಮುಂದಿನ ಮಳೆಗಾಲಕ್ಕೆ ಮೊದಲು ಅಂಕೋಲೆ ಬಸ್ಸಿನಲ್ಲಿ ಪೊಟ್ಟಣ ಬರಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ‘ಚಿಕ್ಕಮ್ಮಗೆ ಆರಾಮ ಇಲ್ವಾ ಸಾರ್?’ ಎಂದು ಜವಾನ ಕೇಳಿದ. ಕಚೇರಿಯಲ್ಲಿ ಅವಳು ನನ್ನ ಯಾರು ಎಂದು ತಿಳಿದಿದ್ದ ಮನುಷ್ಯ ಅವನೊಬ್ಬನೇ, ಆ ಮಾತನ್ನು ಕೇಳಿದವನೂ ಅವನೊಬ್ಬನೇ.

ನಿವೃತ್ತಿಯಾಯಿತು. ಶಾಲು ಹೊದಿಸಿದರು, ಪ್ರಾಮಾಣಿಕತೆಯ ಬಗ್ಗೆ ಮಾತಾಡಿದರು. ಆ ಮಾತು ಕೇಳುವಾಗ ಶಾಲಿನೊಳಗೆ ಬೆವತೆ. ಅದಾದ ಮೇಲೆ ಬೆಳಿಗ್ಗೆ ಮಾಡಲು ಕೆಲಸವಿಲ್ಲದೆ ಗೇಟಿನ ಹತ್ತಿರ ನಿಂತು ಕೈಗಾ ಬಸ್ಸುಗಳು ಹೋಗುವುದನ್ನು ನೋಡುತ್ತಿದ್ದೆ. ಕೆಲಸವಿದ್ದಾಗ ಮನಸ್ಸನ್ನು ಕಡತದೊಳಗೆ ಹಾಕಿ ಕಟ್ಟಿಬಿಡಬಹುದು. ಇಲ್ಲದಾಗ ಅದು ಎಲ್ಲೆಲ್ಲಿಗೋ ಹೋಗುವುದಿಲ್ಲ, ಒಂದೇ ಕಡೆ ಹೋಗುತ್ತದೆ. ಕೇರಿಯವರು ಮೇಲಿನ ಕೋರ್ಟಿಗೆ ಹೋಗುತ್ತಾರೆ, ಆದರೆ ಅಲ್ಲಿನ ಬಳಕೆ ತೋರಿಸುವ ಒಂದು ಕಾಗದವೂ ಅವರ ಹತ್ತಿರ ಇಲ್ಲ ಎಂದು ಯಾರೋ ಹೇಳಿದ್ದು ಕಿವಿಗೆ ಬಿತ್ತು. ಒಂದು ದಿನ ಹೆಂಡತಿಗೆ ಪಿಂಚಣಿಯ ಕೆಲಸ ಎಂದು ಹೇಳಿ ಅಂಕೋಲೆ ಬಸ್ಸು ಹತ್ತಿದೆ. ಆ ದಿನ ಬರೆದುಕೊಂಡು ಬಂದ ಕಾಗದ ಈಗ ಕೇರಿಯವರ ವಕೀಲರ ಹತ್ತಿರ ಇದೆ, ಜೊತೆಗೆ ನಾನು ಏನು ಮಾಡಿದೆ ಎಂಬ ನನ್ನ ಹೇಳಿಕೆಯೂ ಇದೆ. ಅದರಿಂದ ಕುರ್ವೆ ತಿರುಗಿ ಸಿಗುತ್ತದೋ ಇಲ್ಲವೋ ನನಗೆ ತಿಳಿಯದು.

ಕೇರಿಯ ರಸ್ತೆಯ ಬದಿಗೆ ನೀಲಿ ತಾಡಪಾಲು ಹಾಸಿ ಮೀನು ಒಣಗಿಸಿದ್ದರು. ಟೆಂಪೋ ಒಂದು ಹೋದರೆ ಧೂಳು ಎದ್ದು ಅದರ ಮೇಲೆಯೇ ಕೂರುತ್ತಿತ್ತು. ಚಿಕ್ಕಿ ಮನೆಯ ಮುಂದೆ ಕೂತು, ಪಕ್ಕದಲ್ಲಿ ನಾಯಿಗೆಂದು ಕೋಲು ಇಟ್ಟುಕೊಂಡು, ಶೆಟ್ಲಿ ಮಗುಚುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು.

‘ಬನ್ನಿ ಸಾಹೇಬ್ರೆ’ ಎಂದಳು. 

‘ಚಿಕ್ಕಿ’ ಎಂದೆ.

‘ಈಗ ಹತ್ರ ಯಾರೂ ಇಲ್ಲ ಅಲ್ದಾ. ಅದ್ಕೆ ಚಿಕ್ಕಿ.’

ಬೈದಿದ್ದರೆ ಚೆನ್ನಾಗಿತ್ತು. ಅವಳು ಮಣೆ ಸರಿಸಿದಳು, ಕೂತೆ. ದಾರಿಯಲ್ಲಿ ಹೊಂದಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿ, ‘ಅಲ್ಲಿ ನಿಂತು ನಾನು ಕೇಳಬಾರದಾಗಿತ್ತು’ ಎಂದಷ್ಟೇ ಹೊರಬಂತು.

‘ಗೊತ್ತಿದ್ದೇ ಕೇಳ್ದ್ಯಲ್ಲ?’

‘ಹೌದು.’

ಅವಳು ಶೆಟ್ಲಿಯೊಳಗಿನ ಹರಳು ಹೆಕ್ಕಿ ಎಸೆದಳು. ‘ದಂಡಿಗೆ ಬಂದ್ಮೇಲೆ ನೀ ಇನ್ನೊಂದ್ಸಲ ಕೇಳ್ತೆ ಅಂದ್ಕಂಡಿದ್ದೆ. ನಿನ್ನ ಹಿಂದೇ ಬಂದೆ. ಇಲ್ಲಾದ್ರೆ ಎಲ್ಲಾ ಹೇಳೂಕಾತದೆ ಅಲ್ದಾ. ನೀ ಜೀಪ್ ಹತ್ತಿ ಹೋದ್ಯಲೋ.’

‘ಕಾರವಾರದಲ್ಲಿ, ಆ ವಿಚಾರಣೆಯಲ್ಲಾದರೂ ಹೇಳಬಹುದಿತ್ತಲ್ಲ ಚಿಕ್ಕಿ? ಇವನು ನಮ್ಮವನು, ಇವನಿಗೆ ಗೊತ್ತು ಅಂತ?’

‘ಹೇಳಿದ್ರೆ ನಿನ್ನ ಕೆಲ್ಸಕ್ಕೆ ಎಂತಾರೂ ಆಗಿದ್ರೆ? ಅಕ್ಕನಿಗೆ ನಾ ಎಂತಾ ಹೇಳೂದು?’

ಆಯಿ ತೀರಿಕೊಂಡು ಅಷ್ಟು ವರ್ಷವಾಗಿತ್ತು. ಇನ್ನೂ ಅವಳಿಗೆ ಜವಾಬು ಹೇಳಬೇಕಾದವಳಂತೆ ಚಿಕ್ಕಿ ಮಾತಾಡಿದಳು. ನಾನು ಕಣ್ಣೊರೆಸಿಕೊಂಡು ಚೀಲದಿಂದ ಕಾಗದ, ಪೆನ್ಸಿಲು ತೆಗೆದೆ. ಕುರ್ವೆಯ ಆಕಾರ ನನಗೆ ಬಾಯಿಪಾಠ. ಮರಳು, ಬಂಡೆ, ದೋಣಿ ನಿಲ್ಲುವ ಜಾಗ ಎಲ್ಲ ಎಳೆದು, ‘ಯಾರ ಸಾಲು ಎಲ್ಲಿಂದ ಎಲ್ಲಿಗೆ ಹೇಳು’ ಎಂದೆ.

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹತ್ತಿರ ಬಂದಳು. ದಂಡೆಯ ಮೇಲೆ ಕೂತಿದ್ದೆವು, ಇಲ್ಲಿ ಕಟ್ಟಳೆಯ ಅಡ್ಡಿಯಿರಲಿಲ್ಲ. ಚಪ್ಪಟೆ ಕಲ್ಲಿನಿಂದ ಕರಿ ಕಲ್ಲಿಗೆ ಮೂಲೆಮನೆಯವರದ್ದು. ಅದರಾಚೆ ಕುಂಟಜ್ಜನ ಸೊಸೆಯದ್ದು. ಅದರಾಚೆ ‘ನಂದು’. ಬೆರಳಿಟ್ಟು ಬೆರಳಿಟ್ಟು ಹೇಳಿದಳು, ನಾನು ಬರೆದುಕೊಂಡೆ. ಅಂದಿನ ನಮೂನೆಯಲ್ಲಿ ಖಾಲಿ ಎಂದು ಒಂದೇ ಶಬ್ದದಲ್ಲಿ ಮುಗಿಸಿದ್ದ ಜಾಗ ಪೆನ್ಸಿಲಿನ ಕೆಳಗೆ ತುಂಬುತ್ತ ಹೋಯಿತು. ಅವಳ ಸಾಲಿನ ಪಕ್ಕದ್ದನ್ನು ಬಿಟ್ಟು ಅವಳು ಮುಂದಕ್ಕೆ ಹೋದಾಗ, ‘ನಡುವೆ ಒಂದು ಉಳೀತಲ್ಲ, ಇದು ಯಾರದು?’ ಎಂದು ಕೇಳಿದೆ.

ಚಿಕ್ಕಿ ನನ್ನ ಮುಖವನ್ನೇ ನೋಡಿದಳು. ‘ಅದು ನಿನ್ನ ಆಯಿದು. ಅವ್ಳು ಹೋದ್ಮೇಲೆ ನಿಂದು. ಮಕ್ಳು ಇದ್ದವ್ರ ಸಾಲು ಬಿಡೂಕಾಗ ಅಂತ ನಾನೇ ಒಣಗಿಸ್ತಿದ್ದೆ. ಅದ್ರಲ್ಲಿ ಆದದ್ದನ್ನ ನಾವ್ಯಾರೂ ಮುಟ್ಲಿಲ್ಲ. ಮತ್ತೆ ವರ್ಷಾ ವರ್ಷಾ ಪೊಟ್ಟಣ ಎಲ್ಲಿಂದ ಬರ್ತದೆ ಅಂದ್ಕಂಡಿದ್ಯೋ?’

ಪ್ರತಿ ವರ್ಷ ಹಿಂಬಾಗಿಲಿನಿಂದ ಸಾಗಹಾಕಿದ್ದು ಚಿಕ್ಕಿಯ ಪ್ರೀತಿಯ ಕಾಣಿಕೆ ಎಂದುಕೊಂಡಿದ್ದೆ. ಅದು ನನ್ನ ಪಾಲು. ಆಯಿಯ ಸಾಲು.

‘ಬರಿ, ಬರಿ’ ಎಂದಳು ಚಿಕ್ಕಿ. ಆ ಸಾಲಿನ ಮೇಲೆ ನನ್ನ ಹೆಸರನ್ನು ಬರೆದೆ. ಅವಳು ಬಗ್ಗಿ ನೋಡಿ, ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿಕೊಂಡಳು. ಓದಿ ಮುಗಿಸಿದ ಮೇಲೆ, ಎಷ್ಟೋ ವರ್ಷದಿಂದ ಕೇಳಬೇಕೆಂದು ಇಟ್ಟುಕೊಂಡಿದ್ದವಳ ಹಾಗೆ, ‘ಹೌದನಾ ತಮಾ, ಒಂದ್ಸಲನೂ ನೀ ಹೇಳ್ಲಿಲ್ಲ. ಮೀನು ರುಚಿ ಇತ್ತೋ ಇಲ್ವೋ?’ ಎಂದು ಕೇಳಿದಳು.

‘ಚೊಲೋ ಇತ್ತು ಚಿಕ್ಕಿ’ ಎಂದೆ.